ಶಾಲೆ ಬದಲಾದಾಗ ಮನೆಗೆ ಹೇಳುವವರು ಯಾರು?

ನಿಮ್ಮ ಮನೆಯಲ್ಲಿ ಪ್ರಾಥಮಿಕ ಶಾಲೆಗೆ ಹೋಗುವ ಮಗುವೊಂದು ಇದ್ದರೆ, ಈ ಲೇಖನವನ್ನು ಮುಂದೆ ಓದುವ ಮೊದಲು ಒಂದು ಪ್ರಶ್ನೆಗೆ ನಿಮ್ಮಷ್ಟಕ್ಕೆ ಉತ್ತರ ಹೇಳಿಕೊಳ್ಳಿ. ಕಳೆದ ಎರಡು ಮೂರು ವರ್ಷಗಳಲ್ಲಿ ಆ ಮಗುವಿನ ಶಾಲೆಯಲ್ಲಿ ಏನೇನು ಬದಲಾಗಿದೆ? ಪಠ್ಯಪುಸ್ತಕವೇ, ಪರೀಕ್ಷೆಯ ರೀತಿಯೇ, ಕಲಿಸುವ ಕ್ರಮವೇ, ಸೇರ್ಪಡೆಯ ವಯಸ್ಸೇ, ಮಧ್ಯಾಹ್ನದ ತಟ್ಟೆಯೇ? ಏನೋ ಒಂದು ಬದಲಾಗಿದೆ ಎಂಬುದು ನಿಮಗೆ ಖಂಡಿತ ಗೊತ್ತಿರುತ್ತದೆ. ಆದರೆ ಅದು ಏಕೆ ಬದಲಾಯಿತೆಂದು ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಯಾರಾದರೂ ವಿವರಿಸಿದರೇ? ನನಗೆ ಪರಿಚಯವಿರುವ ಮನೆಗಳಲ್ಲಿ ಈ ಪ್ರಶ್ನೆ ಕೇಳಿದಾಗಲೆಲ್ಲ ಬಂದ ಉತ್ತರ ಒಂದೇ: "ಮಗು ಬಂದು ಏನೋ ಹೇಳಿತು."

ಏಳು ವರ್ಷದ ಮಗುವನ್ನು ಶಿಕ್ಷಣ ಇಲಾಖೆಯ ವಕ್ತಾರನನ್ನಾಗಿ ಮಾಡಿರುವ ವ್ಯವಸ್ಥೆ ನಮ್ಮದು. ಇದನ್ನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. 1991ರಿಂದ 2022ರವರೆಗೆ ಹಾಸನ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಶಿಕ್ಷಕಿಯಾಗಿ ದುಡಿದವಳು ನಾನು. ಒಂದು ಸುತ್ತೋಲೆ ಹೇಗೆ ಪ್ರಯಾಣ ಮಾಡುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಬೆಂಗಳೂರಿನಲ್ಲಿ ಸಹಿಯಾದ ಕಾಗದವು ಜಿಲ್ಲೆಯ ಉಪನಿರ್ದೇಶಕರಿಗೆ ಬರುತ್ತದೆ. ಅವರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ. ಅಲ್ಲಿಂದ ಸಮೂಹ ಸಂಪನ್ಮೂಲ ವ್ಯಕ್ತಿಯ ಮೂಲಕ ಮುಖ್ಯೋಪಾಧ್ಯಾಯರ ಮೇಜಿಗೆ. ಪ್ರತಿ ಮೆಟ್ಟಿಲಿನಲ್ಲೂ ಅದನ್ನು ಕೆಳಗಿಳಿಸುವ ಜವಾಬ್ದಾರಿಯುಳ್ಳ ಒಬ್ಬ ವ್ಯಕ್ತಿ ಇದ್ದಾರೆ, ಸ್ವೀಕೃತಿಯ ಸಹಿಯಿದೆ, ದಿನಾಂಕವಿದೆ, ತಡವಾದರೆ ಕಾರಣ ಕೇಳುವ ನೋಟೀಸೂ ಇದೆ. ಆದರೆ ಮುಖ್ಯೋಪಾಧ್ಯಾಯರ ಮೇಜಿನಿಂದ ಮಗುವಿನ ಮನೆಯ ಜಗುಲಿಯವರೆಗಿನ ಆ ಕೊನೆಯ ಅರ್ಧ ಕಿಲೋಮೀಟರಿಗೆ ಯಾರೂ ಇಲ್ಲ. ಆ ದಾರಿಯನ್ನು ಮಗು ಒಂದೇ ನಡೆಯಬೇಕು. ಅದರ ಚೀಲದಲ್ಲಿ ಚೀಟಿ ಇರಬಹುದು, ಇಲ್ಲದಿರಬಹುದು. ಇದ್ದರೂ ದಾರಿಯಲ್ಲಿ ಅದು ಕಾಗದದ ದೋಣಿಯಾಗಿ ಹರಿದು ಹೋಗಿರಬಹುದು.

ಬದಲಾವಣೆಯೇ ಕೆಟ್ಟದ್ದೆಂದು ವಾದಿಸುವ ಹಿರಿಯರ ಸಾಲಿಗೆ ನಾನು ಸೇರಿದವಳಲ್ಲ. ನನ್ನ ಸೇವಾವಧಿಯಲ್ಲಿ ಬಂದ ಹಲವು ಬದಲಾವಣೆಗಳು ಮಕ್ಕಳಿಗೆ ನಿಜಕ್ಕೂ ಒಳಿತನ್ನೇ ಮಾಡಿದವು. ಒಳ್ಳೆಯ ಬದಲಾವಣೆಯೂ ಮನೆಗೆ ತಿಳಿಯದೆ ಬಂದರೆ ಅದಕ್ಕೆ ಏನಾಗುತ್ತದೆ ಎಂಬುದೇ ನನ್ನ ಚಿಂತೆ. ಅದಕ್ಕೆ ನಲಿ-ಕಲಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ತೋರುವುದಿಲ್ಲ. ಆದ್ದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಈ ಪದ್ಧತಿ ಹುಟ್ಟಿತು. ಆಂಧ್ರಪ್ರದೇಶದ ಮದನಪಲ್ಲಿಯ ಸಮೀಪದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಶಿಕ್ಷಕರೇ ಸೇರಿ, ಯುನಿಸೆಫ್ ನೆರವಿನೊಂದಿಗೆ ಇದನ್ನು ನಮ್ಮ ಶಾಲೆಗಳಿಗೆ ಒಗ್ಗಿಸಿದರು. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾದ ಹಳ್ಳಿಯ ಶಾಲೆಯಲ್ಲಿ ಪ್ರತಿಯೊಂದು ಮಗುವೂ ತನ್ನದೇ ವೇಗದಲ್ಲಿ ಕಲಿಯುವಂತಾಗಬೇಕು ಎಂಬುದು ಅದರ ಆಶಯ. 2009-10ನೆಯ ಸಾಲಿನಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೂ, ಮರುವರ್ಷ ಮೂರನೆಯ ತರಗತಿಗೂ ವಿಸ್ತರಿಸಿತು.

ತರಗತಿಯ ಒಳಗಿನ ಚಿತ್ರವೇ ಬದಲಾಯಿತು. ಸಾಲು ಬೆಂಚುಗಳು ಹೋಗಿ ಮಕ್ಕಳು ನೆಲದ ಮೇಲೆ ಗುಂಪುಗಳಾಗಿ ಕುಳಿತರು. ಪಠ್ಯಪುಸ್ತಕದ ಸ್ಥಾನದಲ್ಲಿ ಪ್ರಾಣಿ ಪಕ್ಷಿಗಳ ಚಿಹ್ನೆಗಳಿರುವ ಕಾರ್ಡುಗಳು ಬಂದವು. ಗೋಡೆಯ ಮೇಲೆ ಕಲಿಕಾ ಏಣಿ. ಆ ಏಣಿಯಲ್ಲಿ ಮೈಲಿಗಲ್ಲುಗಳು. ಮಗು ತಾನು ಎಲ್ಲಿದ್ದೇನೆಂದು ಏಣಿಯನ್ನು ನೋಡಿ, ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು, ತನ್ನ ಗುಂಪಿನಲ್ಲಿ ಹೋಗಿ ಕೂರುತ್ತದೆ. ಕೆಲವರಿಗೆ ಶಿಕ್ಷಕಿಯ ಪೂರ್ಣ ಸಹಾಯ, ಕೆಲವರಿಗೆ ಭಾಗಶಃ, ಕೆಲವರಿಗೆ ಜೊತೆಯ ಮಕ್ಕಳದ್ದೇ ನೆರವು, ಕೆಲವರಿಗೆ ಸ್ವಂತ ಕಲಿಕೆ. ತಲೆಯ ಮೇಲೆ ದಾರಗಳನ್ನು ಕಟ್ಟಿದ ಕಲಿಕಾ ಚಪ್ಪರದಿಂದ ಮಕ್ಕಳು ಬರೆದ ಚಿತ್ರಗಳು ತೂಗಾಡುತ್ತಿದ್ದವು. ಗೋಡೆಯ ಕೆಳಭಾಗಕ್ಕೆ, ಮಗುವಿನ ಎತ್ತರಕ್ಕೆ ಸರಿಯಾಗಿ, ಕಪ್ಪು ಬಣ್ಣ ಬಳಿದು ಒಬ್ಬೊಬ್ಬರಿಗೂ ಒಂದೊಂದು ಪಾಲು ಹಂಚಿದ್ದೆವು. ಒಳಗಿದ್ದವರಿಗೆ ಅದು ಸಂತೋಷದ ಕಾಲ.

ಹೊರಗಿದ್ದವರಿಗೆ ಏನು ಕಂಡಿತು? ಮಗು ಪುಸ್ತಕವಿಲ್ಲದೆ ಮನೆಗೆ ಬರುತ್ತಿದೆ. ಮನೆಪಾಠವಿಲ್ಲ. "ಇವತ್ತು ಏನು ಮಾಡಿದೆ?" ಎಂದರೆ "ಹಾಡಿದೆವು, ಆಡಿದೆವು" ಎನ್ನುತ್ತದೆ. ಎರಡನೆಯ ತರಗತಿಯ ಮಗ ಒಂದನೆಯ ತರಗತಿಯವರ ಜೊತೆ ಕುಳಿತಿದ್ದಾನೆ. ಹಾಗಾದರೆ ಇವನನ್ನು ಹಿಂದಕ್ಕೆ ಹಾಕಿದರೇ? ಕಿಟಕಿಯಿಂದ ಇಣುಕಿ ನೋಡಿದರೆ ಟೀಚರು ಕುರ್ಚಿಯಲ್ಲಿಲ್ಲ, ಚಾಪೆಯ ಮೇಲೆ ಕುಳಿತಿದ್ದಾರೆ. ತಮ್ಮ ಬಾಲ್ಯದ ಶಾಲೆಯೊಂದೇ ಶಾಲೆಯ ಮಾದರಿಯಾಗಿದ್ದ ತಂದೆತಾಯಿಯರಿಗೆ ಇದು ಶಾಲೆ ಎಂದು ತೋರಲೇ ಇಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ನಾನಿದ್ದ ಹಳ್ಳಿಯಲ್ಲಿ ಒಬ್ಬ ಅಜ್ಜಿಯಿದ್ದರು. ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು, ಕಲಿತದ್ದನ್ನು ಮರೆಯದವರು. ಮೊಮ್ಮಗನನ್ನು ಸಾಯಂಕಾಲ ದೀಪದ ಮುಂದೆ ಕೂರಿಸಿಕೊಂಡು ಅ, ಆ, ಇ, ಈ ಹೇಳಿಸುತ್ತಿದ್ದರು. ಮಗುವಾದರೋ ಸ್ಲೇಟಿನ ಮೇಲೆ ರ, ಗ, ಸ, ದ ಎಂದು ಬರೆಯುತ್ತಿತ್ತು. ಆಮೇಲೆ ಅ. ಅಜ್ಜಿಗೆ ಆಘಾತ. ಅ ಎಂಬುದು ಮೊದಲಿಗೆ ಬರಬೇಕಾದ ಅಕ್ಷರ. ಇವರು ಅದನ್ನು ಐದನೆಯದಾಗಿ ಕಲಿಸುತ್ತಿದ್ದಾರಲ್ಲ! ಒಂದು ವಾರ ಹೀಗೆ ನಡೆಯಿತು. ಮನೆಯಲ್ಲಿ ಒಂದು ಕ್ರಮ, ಶಾಲೆಯಲ್ಲಿ ಒಂದು ಕ್ರಮ. ಮಗು ಎರಡೂ ಕಡೆ ಮೌನವಾಯಿತು. ಶಾಲೆಯಲ್ಲಿ ಬಾಯಿ ಬಿಡಲೊಲ್ಲದು, ಮನೆಯಲ್ಲಿ ಸ್ಲೇಟು ಮುಟ್ಟಲೊಲ್ಲದು. ಕೊನೆಗೆ ಅಜ್ಜಿ ಸೆರಗು ಬಿಗಿದುಕೊಂಡು ಶಾಲೆಗೇ ಬಂದರು.

ನಾನು ಅವರನ್ನು ಒಳಗೆ ಕರೆದು ಮಕ್ಕಳ ಜೊತೆಯಲ್ಲೇ ಕೂರಿಸಿದೆ. ಗೋಡೆಯ ಕಪ್ಪುಪಟ್ಟಿಯ ಮೇಲೆ ಅ, ಆ, ಇ, ಈ, ಉ ಎಂದು ಬರೆದು, "ಈ ಐದು ಅಕ್ಷರಗಳಿಂದ ಒಂದು ಮಾತು ಕಟ್ಟಿಕೊಡಿ ಅಜ್ಜಿ" ಎಂದೆ. ಅವರು ಬಹಳ ಹೊತ್ತು ಯೋಚಿಸಿದರು, ಆಗಲಿಲ್ಲ. ನೀವೂ ಪ್ರಯತ್ನಿಸಿ ನೋಡಿ, ಅದು ಕಷ್ಟವೇ. ಬಳಿಕ ರ, ಗ, ಸ, ದ, ಅ ಎಂದು ಬರೆದೆ. ಅವರ ಮೊಮ್ಮಗನೇ ಎದ್ದು ಬಂದು ಸರ ಎಂದು ಬರೆದ. ಮತ್ತೊಬ್ಬಳು ಅರಸ ಎಂದಳು. ಅಗಸ, ಗರಗಸ, ಸರಸರ ಎಂದು ಮಕ್ಕಳು ಒಂದರ ಮೇಲೊಂದು ಕೂಗಿದರು. ಐದೇ ಅಕ್ಷರ ಕಲಿತ ಮಗು ಓದತೊಡಗುತ್ತದೆ, ಅರ್ಥವಿರುವ ಮಾತನ್ನೇ ಓದುತ್ತದೆ. ಮುಂದಿನ ಗುಂಪಿನಲ್ಲಿ ಜ, ವ, ಮ, ಬ, ನ ಬಂದರೆ ಮರ, ಜನ, ಗಜ, ಬಸವ ಎಲ್ಲವೂ ಕೈಗೆ ಬರುತ್ತವೆ. ಬರೆಯಲು ಸುಲಭವಾದ, ಒಂದರ ತಿರುವು ಇನ್ನೊಂದಕ್ಕೆ ನೆರವಾಗುವ ಅಕ್ಷರಗಳು ಮೊದಲು; ವರ್ಣಮಾಲೆಯ ಕ್ರಮ ಆಮೇಲೆ. ಅ, ಆ, ಇ, ಈ ಎಲ್ಲಿಯೂ ಓಡಿಹೋಗಿಲ್ಲ.

ಅಜ್ಜಿ ಗೋಡೆಯ ಹತ್ತಿರ ಹೋಗಿ ಗರಗಸ ಎಂಬುದನ್ನು ಬೆರಳಿನಿಂದ ಮುಟ್ಟಿ ಓದಿದರು. ಅವರ ಪತಿ ಬಡಗಿಯಾಗಿದ್ದವರು. "ಇಷ್ಟು ಹೇಳೋಕೆ ನಿಮಗೆ ಒಂದು ತಿಂಗಳು ಬೇಕಾಯ್ತಾ?" ಎಂದು ನನ್ನನ್ನೇ ಗದರಿಸಿ ಹೊರಟರು. ಆ ದಿನದಿಂದ ಸಾಯಂಕಾಲದ ದೀಪದ ಮುಂದೆ ಗರಗಸ ಅರಸರದ್ದೇ ರಾಜ್ಯಭಾರ. ಅಷ್ಟೇ ಅಲ್ಲ, ಬೀದಿಯ ಇತರ ಮನೆಗಳಿಗೂ ಹೊಸ ಪದ್ಧತಿಯನ್ನು ವಿವರಿಸಿದವರು ಅವರೇ. ನಮ್ಮ ಇಲಾಖೆಯ ಯಾವ ತರಬೇತಿಯಲ್ಲಿಯೂ ಅಷ್ಟು ಚೊಕ್ಕವಾದ ವಿವರಣೆಯನ್ನು ನಾನು ಕೇಳಲಿಲ್ಲ.

ಆ ವಿವರಣೆ ಎಲ್ಲ ಮನೆಗಳಿಗೂ ಮುಟ್ಟಲಿಲ್ಲ. ಕಾಲೋನಿಯ ಆಚೆಯ ಒಂದು ಮನೆಯ ತಂದೆ, ಕೂಲಿ ಮಾಡಿ ಬದುಕುವವರು, ವರ್ಗಾವಣೆ ಪತ್ರ ಕೇಳಲು ಬಂದರು. ಪಟ್ಟಣದ ಖಾಸಗಿ ಶಾಲೆಯೊಂದರಲ್ಲಿ ಮಗಳಿಗೆ ಸೀಟು ಮಾತಾಡಿ, ಮುಂಗಡ ಹಣವನ್ನೂ ಕಟ್ಟಿ ಬಂದಿದ್ದರು. "ಅಲ್ಲಿ ಕೈತುಂಬ ಬರೆಯೋಕೆ ಕೊಡ್ತಾರೆ ಮೇಡಂ, ಇಲ್ಲಿ ಬರೀ ಆಟ" ಎಂದರು. ಅವರ ಮಗಳು ಆಗ ಏಣಿಯಲ್ಲಿ ಎಲ್ಲರಿಗಿಂತ ಮುಂದಿದ್ದಳು. ಗೋಡೆಯ ಮೇಲಿನ ಪ್ರಗತಿ ನೋಟದಲ್ಲಿ ಅದು ಬಣ್ಣ ಬಣ್ಣವಾಗಿ ಕಾಣುತ್ತಿತ್ತು. ಅದನ್ನು ಓದುವ ಬಗೆಯನ್ನು ಮಾತ್ರ ಆ ತಂದೆಗೆ ಯಾರೂ ಕಲಿಸಿರಲಿಲ್ಲ. ನಾನು ತೋರಿಸಿದೆ. ಅವರು ನೋಡಿದರು, ತಲೆದೂಗಿದರು. ಕಟ್ಟಿದ ಮುಂಗಡ ಹಿಂದಕ್ಕೆ ಬಾರದು ಎಂದು ಹೇಳಿ ಪತ್ರ ತೆಗೆದುಕೊಂಡು ಹೋದರು. ಮಾರನೆಯ ವರ್ಷ ಇನ್ನೂ ಕೆಲವು ಮಕ್ಕಳು ಅದೇ ದಾರಿ ಹಿಡಿದರು. ಸರ್ಕಾರಿ ಶಾಲೆಗಳು ಬರಿದಾಗುವುದಕ್ಕೆ ಇಂಗ್ಲಿಷಿನ ಮೋಹ, ಶಿಕ್ಷಕರ ಕೊರತೆ, ಕಟ್ಟಡಗಳ ದುಃಸ್ಥಿತಿ ಎಂದೆಲ್ಲ ಕಾರಣ ಹೇಳುವುದುಂಟು, ಅವೆಲ್ಲವೂ ನಿಜವೇ. ಮನೆಯವರಿಗೆ ಮಾತು ಮುಟ್ಟಿಸದೆ ಹೋದದ್ದನ್ನೂ ಆ ಪಟ್ಟಿಗೆ ನಾನು ಸೇರಿಸುತ್ತೇನೆ.

ಇಲ್ಲಿ ಇನ್ನೊಂದು ಮಾತನ್ನೂ ಹೇಳದಿದ್ದರೆ ನ್ಯಾಯವಾಗದು. ಪೋಷಕರ ಅನುಮಾನಗಳೆಲ್ಲ ಅಜ್ಞಾನದಿಂದ ಹುಟ್ಟಿದವಲ್ಲ. ಒಬ್ಬ ಶಿಕ್ಷಕಿಗೆ ಮಕ್ಕಳ ಸಂಖ್ಯೆ ಮಿತಿ ಮೀರಿದ ಕಡೆ, ಕಾರ್ಡುಗಳು ಹರಿದುಹೋಗಿ ಹೊಸವು ಬಾರದ ಕಡೆ, ಶಿಕ್ಷಕಿಯನ್ನೇ ಬೇರೆ ಕರ್ತವ್ಯಗಳಿಗೆ ಎಳೆದೊಯ್ದ ಕಡೆ ನಲಿ-ಕಲಿಯು ಬರಿಯ ಆಟವಾಗಿಯೇ ಉಳಿದದ್ದುಂಟು. ತಿಳಿಸುವುದೆಂದರೆ ಹೊಗಳುವುದಲ್ಲ. "ಇದು ಹೀಗೆ ನಡೆಯಬೇಕು, ನಮ್ಮಲ್ಲಿ ಈ ಈ ಕಾರಣದಿಂದ ಇಷ್ಟು ಮಾತ್ರ ನಡೆಯುತ್ತಿದೆ" ಎಂದು ಹೇಳುವ ಧೈರ್ಯ ಶಾಲೆಗೆ ಬೇಕು. ಅಂಥ ಶಾಲೆಯನ್ನು ಜನ ಬಿಟ್ಟುಕೊಡುವುದಿಲ್ಲ. ಕಾರ್ಡಿಗೆ ರಟ್ಟು ಅಂಟಿಸಿಕೊಡಲು ತಾವೇ ಬರುತ್ತಾರೆ. ನಮ್ಮಲ್ಲಿ ಬಂದರು ಕೂಡ.

ಕೋವಿಡ್ ಕಾಲಕ್ಕೆ ಬರೋಣ. 2020ರ ಮಾರ್ಚ್ ತಿಂಗಳಿನಲ್ಲಿ ಶಾಲೆಗಳು ಮುಚ್ಚಿದವು. ರಾಜ್ಯದಲ್ಲಿ ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವಿನ ಕಾಲದಲ್ಲಿ ಮನೆಗಳಿಗೆ ತಲುಪಿದ ಸುದ್ದಿಗಳಲ್ಲಿ ಅರ್ಧಕ್ಕರ್ಧ ಟಿ.ವಿ.ಯಿಂದ ಬಂದವು, ಬೆಳಗಿನದನ್ನು ಸಂಜೆ ಅಲ್ಲಗಳೆಯುತ್ತಿದ್ದವು. ವಾಟ್ಸಾಪ್ ಗುಂಪುಗಳು ಹುಟ್ಟಿಕೊಂಡವು. ಆದರೆ ಮನೆಯಲ್ಲಿದ್ದ ಒಂದೇ ಫೋನು ತಂದೆಯ ಜೇಬಿನಲ್ಲಿ, ತಂದೆ ಬೆಂಗಳೂರಿನಲ್ಲಿ. ಇಂಥ ಮನೆಗೆ ಸುತ್ತೋಲೆಯ ಚಿತ್ರವನ್ನು ಕಳುಹಿಸಿ, ಎರಡು ನೀಲಿ ಗೆರೆ ಕಂಡೊಡನೆ "ಪೋಷಕರಿಗೆ ತಿಳಿಸಲಾಗಿದೆ" ಎಂದು ಬರೆದುಕೊಂಡರೆ ಆಯಿತೇ?

ಆ ಕತ್ತಲೆಯ ದಿನಗಳಲ್ಲಿಯೂ ಒಂದು ಒಳ್ಳೆಯ ಅನುಭವ ಆಯಿತು. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಆರಂಭವಾಯಿತು. ಮಕ್ಕಳು ಶಾಲೆಗೆ ಬರಲಾಗದಿದ್ದರೆ ಶಿಕ್ಷಕರೇ ಮಕ್ಕಳ ಬಳಿಗೆ ಹೋಗಬೇಕೆಂಬ ವಠಾರ ಶಾಲೆಯ ಯೋಜನೆ ಅದು. ದೇವಸ್ಥಾನದ ಕಟ್ಟೆ, ಅರಳಿಮರದ ನೆರಳು, ಯಾರದೋ ಮನೆಯ ಪಡಸಾಲೆ, ಎಲ್ಲವೂ ತರಗತಿಯಾದವು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಕಲಿಕೆಯ ಲೆಕ್ಕದಲ್ಲಿ ಎರಡು ತಿಂಗಳು ಬಹಳವೇನಲ್ಲ. ಆದರೆ ಆ ಎರಡು ತಿಂಗಳಲ್ಲಿ ತಾಯಂದಿರು ಅವರೆಕಾಯಿ ಸುಲಿಯುತ್ತಾ ಪಕ್ಕದಲ್ಲಿ ಕುಳಿತು ಪಾಠ ಕೇಳಿದರು. "ಇದನ್ನು ಹೀಗೂ ಹೇಳಿಕೊಡಬಹುದಾ?" ಎಂದರು. ಅಷ್ಟು ವರ್ಷಗಳ ಸೇವೆಯಲ್ಲಿ ಯಾವ ಪೋಷಕರ ಸಭೆಯಲ್ಲೂ ಎದುರಾಗದ ಪ್ರಶ್ನೆಗಳು ಆ ಪಡಸಾಲೆಯಲ್ಲಿ ಎದುರಾದವು. ಕುಳಿತ ಸ್ಥಳ ಅವರದಾಗಿತ್ತಲ್ಲವೇ!

ಶಾಲೆ ಮತ್ತೆ ತೆರೆದಾಗ ಪೋಷಕರ ಒಪ್ಪಿಗೆ ಪತ್ರ ಕಡ್ಡಾಯವಾಯಿತು. ಒಪ್ಪಿಗೆ ಎಂಬುದು ದೊಡ್ಡ ಮಾತು. ತಿಳಿಯದೆ ಕೊಟ್ಟದ್ದು ಒಪ್ಪಿಗೆಯಾಗದು. ಅದು ಹೆಬ್ಬೆಟ್ಟಿನ ಗುರುತು ಅಷ್ಟೇ. ಆ ಪತ್ರವನ್ನು ಓದಿ ಹೇಳಿ ಸಹಿ ಪಡೆದ ಶಾಲೆಗಳೂ ಇದ್ದವು, ಮಗುವಿನ ಕೈಯಲ್ಲಿ ಕಳುಹಿಸಿ ಮರುದಿನ ತರಿಸಿಕೊಂಡ ಶಾಲೆಗಳೂ ಇದ್ದವು. 2022-23ರಲ್ಲಿ ಕಲಿಕಾ ಚೇತರಿಕೆ ಬಂದಾಗ, ಪುಸ್ತಕದ ಬದಲು ಕಲಿಕಾ ಹಾಳೆಗಳನ್ನು ಕಂಡ ಮನೆಗಳಿಂದ ಮತ್ತೆ ಅದೇ ಹಳೆಯ ಪ್ರಶ್ನೆ: ಪುಸ್ತಕ ಎಲ್ಲಿ? ಹದಿಮೂರು ವರ್ಷಗಳಲ್ಲಿ ನಾವು ಕಾರ್ಡಿನಿಂದ ಹಾಳೆಗೆ ಬಂದಿದ್ದೆವು. ಹೇಳುವ ಕ್ರಮವೊಂದು ಇದ್ದಲ್ಲೇ ಇತ್ತು.

ನಿವೃತ್ತಳಾದ ಮೇಲೆ ಬೇಲಿಯ ಆಚೆ ನಿಂತು ನೋಡುವ ಭಾಗ್ಯ ನನ್ನದು. 2024ರ ಮಾರ್ಚ್ ತಿಂಗಳನ್ನು ನೀವು ಮರೆತಿರಲಾರಿರಿ. ಐದನೆಯ ತರಗತಿಯ ಮಕ್ಕಳಿಗೂ ಮಂಡಳಿಯ ಮೌಲ್ಯಾಂಕನ ಪರೀಕ್ಷೆ 11ರಂದು ಆರಂಭವಾಯಿತು. ಮರುದಿನವೇ ಸುಪ್ರೀಂ ಕೋರ್ಟಿನ ಆದೇಶದಿಂದ ನಿಂತಿತು. ಹೈಕೋರ್ಟಿನ ತೀರ್ಪಿನ ನಂತರ 25ರಿಂದ ಮುಂದುವರಿಯಿತು. ಏಪ್ರಿಲ್ 8ರಂದು ಫಲಿತಾಂಶದ ಪ್ರಕಟಣೆಗೆ ಮತ್ತೆ ತಡೆ ಬಿತ್ತು. ನ್ಯಾಯಾಲಯಗಳ ವಿಚಾರವನ್ನು ತೂಗುವ ಅರ್ಹತೆ ನನಗಿಲ್ಲ. ಹತ್ತು ವರ್ಷದ ಮಗುವೊಂದು ಪೆನ್ಸಿಲ್ ಕೆತ್ತಿಟ್ಟುಕೊಂಡು, ನಾಳೆ ಪರೀಕ್ಷೆ ಇದೆಯೋ ಇಲ್ಲವೋ ಎಂದು ರಾತ್ರಿ ಒಂಬತ್ತಕ್ಕೆ ನಮ್ಮ ಬಾಗಿಲು ಬಡಿದದ್ದು ಮಾತ್ರ ನೆನಪಿದೆ. ಮಗುವಿನ ತಾಯಿಯ ಪ್ರಶ್ನೆ ಇನ್ನೂ ಸರಳ: "ಇದರಲ್ಲಿ ಫೇಲ್ ಮಾಡ್ತಾರಾ?" ಯಾರನ್ನೂ ಅನುತ್ತೀರ್ಣಗೊಳಿಸುವುದಿಲ್ಲವೆಂದು ಸರ್ಕಾರ ಹೇಳಿತ್ತು. ಆ ಒಂದೇ ಒಂದು ವಾಕ್ಯ, ಅತ್ಯಂತ ಮುಖ್ಯವಾದ ವಾಕ್ಯ, ಆ ಮನೆಗೆ ಮುಟ್ಟಿರಲಿಲ್ಲ.

ಸೇರ್ಪಡೆಯ ವಯಸ್ಸಿನ ಸಂಗತಿ ಇನ್ನೂ ಬೋಧಪ್ರದವಾದುದು. ಜೂನ್ 1ಕ್ಕೆ ಆರು ವರ್ಷ ತುಂಬಿದ ಮಗುವಿಗಷ್ಟೇ ಒಂದನೆಯ ತರಗತಿಯ ಪ್ರವೇಶ ಎಂಬ ಆದೇಶ ಹೊರಬಿದ್ದದ್ದು 2022ರಲ್ಲಿ. ಜಾರಿಗೆ ನಿಗದಿಯಾದ ವರ್ಷ 2025-26. ಅಂದರೆ ಹೇಳಲು ಎರಡೂವರೆ ವರ್ಷದ ಅವಕಾಶವಿತ್ತು. ಇಷ್ಟು ದೀರ್ಘ ಮುನ್ಸೂಚನೆ ಸಿಗುವುದು ಅಪರೂಪ. ಆದರೂ 2025ರ ಮಾರ್ಚ್, ಏಪ್ರಿಲ್‌ನಲ್ಲಿ ರಾಜ್ಯದ ತುಂಬ ತಂದೆತಾಯಿಯರು ಸಿಡಿಲು ಬಡಿದವರಂತೆ ನಿಂತರು. ಯು.ಕೆ.ಜಿ. ಮುಗಿಸಿದ ಮಗುವಿಗೆ ಕೆಲವೇ ತಿಂಗಳು, ಕೆಲವೇ ವಾರ ಕಡಿಮೆ. ಇನ್ನೊಂದು ವರ್ಷ ಅದೇ ತರಗತಿಯಲ್ಲಿ ಕೂರಬೇಕೇ? ಕೊನೆಗೆ ಏಪ್ರಿಲ್ ನಡುವಿನಲ್ಲಿ, ಆ ಒಂದು ವರ್ಷಕ್ಕೆ ಮಾತ್ರ ಎಂದು ಹೇಳಿ, ಐದು ವರ್ಷ ಐದು ತಿಂಗಳು ತುಂಬಿದ ಮಕ್ಕಳಿಗೆ ಸಡಿಲಿಕೆ ಕೊಡಲಾಯಿತು.

ಆದೇಶ ಗುಟ್ಟಾಗಿರಲಿಲ್ಲ, ಪತ್ರಿಕೆಗಳಲ್ಲಿ ಬಂದಿತ್ತು. ಆದರೆ 2022ರಲ್ಲಿ ಅದನ್ನು ತಿಳಿಯಬೇಕಾಗಿದ್ದವರು ಮೂರು ವರ್ಷದ ಮಗುವಿನ ತಂದೆತಾಯಿ. ಅವರು ಆಗ ಶಾಲೆಯ ಪೋಷಕರೇ ಆಗಿರಲಿಲ್ಲ. ಅವರು ನಿಂತಿದ್ದದ್ದು ಅಂಗನವಾಡಿಯ ಬಾಗಿಲಲ್ಲಿ, ನರ್ಸರಿಯ ಶುಲ್ಕದ ಕಿಟಕಿಯಲ್ಲಿ. ಮಗುವಿನ ಜನ್ಮದಿನಾಂಕವನ್ನು ಅರ್ಜಿಯಲ್ಲಿ ಬರೆದುಕೊಂಡ ಗುಮಾಸ್ತರು ಅಲ್ಲೇ ಬೆರಳೆಣಿಸಿ, "ಈ ಮಗುವಿಗೆ ಒಂದನೆಯ ತರಗತಿ ಇಂಥ ವರ್ಷ" ಎಂದು ಹೇಳಿಬಿಟ್ಟಿದ್ದರೆ ಸಾಕಿತ್ತು. ನನ್ನ ಪಕ್ಕದ ಮನೆಯ ಹೆಣ್ಣುಮಗಳೊಬ್ಬರು ಎರಡು ವರ್ಷ ಶುಲ್ಕ ಕಟ್ಟಿದ ಶಾಲೆಯೊಂದು, ಹೀಗೊಂದು ನಿಯಮವಿದೆ ಎಂದು ಮೊದಲ ಬಾರಿ ಅವರಿಗೆ ಹೇಳಿದ್ದು ಮೂರನೆಯ ವರ್ಷದ ಶುಲ್ಕದ ಚೀಟಿಯ ಜೊತೆಯಲ್ಲಿ. ಮಗುವಿಗೆ ಐದು ವರ್ಷ ಒಂಬತ್ತು ತಿಂಗಳು. ಸಡಿಲಿಕೆಯಿಂದಾಗಿ ಅದು ಪಾರಾಯಿತು. ಆರು ವಾರಗಳ ಆ ತಾಯಿಯ ನಿದ್ರೆಯ ಲೆಕ್ಕ ಯಾವ ಕಡತದಲ್ಲಿಯೂ ಇಲ್ಲ.

ಹಾಗಾದರೆ ತಿಳಿಸುವುದು ನಮ್ಮ ಶಾಲೆಗಳಿಗೆ ಬಾರದ ವಿದ್ಯೆಯೇ? ಹಾಗೇನೂ ಇಲ್ಲ. ಮೊಟ್ಟೆಯ ಪ್ರಸಂಗವನ್ನು ನೋಡಿ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲಾರಂಭಿಸಿ, ಮುಂದಿನ ವರ್ಷ ರಾಜ್ಯಕ್ಕೆಲ್ಲ ವಿಸ್ತರಿಸಿದರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಆಮೇಲೆ ಚಿಕ್ಕಿ. ಯಾವ ಮಗುವಿಗೆ ಯಾವುದು ಎಂದು ಮನೆಮನೆಯನ್ನೂ ಕೇಳಿ ಬರೆದುಕೊಳ್ಳಲಾಯಿತು. ನಾನೇ ಮನೆಗಳಿಗೆ ಹೋಗಿ ಕೇಳಿದ್ದೇನೆ. ಜಾತಿ, ವ್ರತ, ಶ್ರಾವಣ, ಅಜ್ಜನ ಮುನಿಸು ಎಲ್ಲವೂ ಆ ಮಾತುಕತೆಯಲ್ಲಿ ಬಂದವು. ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡೆವು. ಮೊಟ್ಟೆಗಾಗಿ ಮನೆಮನೆಗೆ ಹೋದ ನಾವು ಅಕ್ಷರಕ್ಕಾಗಿ ಏಕೆ ಹೋಗಲಾರೆವು?

ಕಾನೂನೂ ಅಡ್ಡಿಯಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮಿನಂತೆ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಯರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಕರ್ನಾಟಕದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಅದಕ್ಕೂ ಮೊದಲೇ, 2001ರಲ್ಲೇ, ರೂಪುಗೊಂಡವು. ಕಾಗದದ ಮೇಲೆ ಇಷ್ಟು ಚೆಲುವಾದ ವ್ಯವಸ್ಥೆ ಇರುವಾಗ ಹಲವೆಡೆ ನಡೆಯುವುದೇನು? ನಡಾವಳಿ ಪುಸ್ತಕವೇ ಸದಸ್ಯರ ಹೊಲಕ್ಕೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ಸದಸ್ಯೆಯ ಸಹಿಯನ್ನು ಆಕೆಯ ಗಂಡ ಹಾಕುತ್ತಾನೆ. ಸಮುದಾಯದತ್ತ ಶಾಲೆ ಕಾರ್ಯಕ್ರಮದ ದಿನ ಮಗು ತನ್ನ ಬರಹವನ್ನು ತಾಯಿಗೆ ತಾನೇ ತೋರಿಸಬೇಕು, ಓದಿ ಹೇಳಬೇಕು ಎಂಬ ಸುಂದರವಾದ ಕಲ್ಪನೆಯಿದೆ. ಅದು ಹಲವು ಕಡೆ ಅತಿಥಿಗಳ ಭಾಷಣಕ್ಕೆ ಬಲಿಯಾದುದನ್ನು ಕಂಡಿದ್ದೇನೆ.

ಅಂದಹಾಗೆ, ಇದು ಸರ್ಕಾರಿ ಶಾಲೆಯ ದೂರು ಮಾತ್ರವೆಂದು ಖಾಸಗಿ ಶಾಲೆಗೆ ಮಕ್ಕಳನ್ನು ಕಳುಹಿಸುವ ಓದುಗರು ನಿಟ್ಟುಸಿರು ಬಿಡಬೇಡಿ. ನಿಮ್ಮ ಮಗುವಿನ ಡೈರಿಯಲ್ಲಿ ಇಂಗ್ಲಿಷಿನ ಅಚ್ಚಾದ ಸೂಚನೆಗಳು ದಿನಕ್ಕೊಂದು ಬರುತ್ತಿರಬಹುದು. ಆ ಸೂಚನೆಗಳಲ್ಲಿ ಶುಲ್ಕದ ಕೊನೆಯ ದಿನಾಂಕ ಇರುತ್ತದೆ, ಸಮವಸ್ತ್ರದ ಬಣ್ಣ ಇರುತ್ತದೆ. ಏಕೆ ಎಂಬ ಪದಕ್ಕೆ ಉತ್ತರ ಇರುತ್ತದೆಯೇ ಎಂದು ಒಮ್ಮೆ ಹಿಂದಿನ ಪುಟಗಳನ್ನು ತಿರುವಿ ನೋಡಿ. ಮನೆಯಲ್ಲಿ ಮಗುವಿಗೆ ಊಟ ಹಾಕಿ, ಜಡೆ ಹೆಣೆದು, ಪಾಠ ಕೇಳುವ ಅಜ್ಜಿಗೆ ಅದರಲ್ಲಿ ಒಂದು ಸಾಲಾದರೂ ಓದಲು ಬರುತ್ತದೆಯೇ ಎಂಬುದನ್ನೂ ನೋಡಿ.

ಶಾಲೆಯ ಹೊಣೆ ಹೊತ್ತ ಓದುಗರು ಈ ಪತ್ರಿಕೆಗೆ ಅನೇಕರಿದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ. ಸುತ್ತೋಲೆಯನ್ನು ಇದ್ದಂತೆಯೇ ಮುಂದೂಡಬೇಡಿ. ಅದು ಅಧಿಕಾರಿಗಳು ಅಧಿಕಾರಿಗಳಿಗೆ ಬರೆದ ಭಾಷೆ. ಅದರಲ್ಲಿ ಮನೆಗೆ ಬೇಕಾದದ್ದು ನಾಲ್ಕು ಮಾತು ಮಾತ್ರ: ಏನು ಬದಲಾಗುತ್ತದೆ, ಎಂದಿನಿಂದ, ಏಕೆ, ನನ್ನ ಮಗುವಿಗೆ ಇದರಿಂದ ಏನಾಗುತ್ತದೆ. ಅದನ್ನು ನಿಮ್ಮ ಊರಿನ ಮಾತಿನಲ್ಲಿ, ನಿಮ್ಮದೇ ದನಿಯಲ್ಲಿ, ಒಂದು ನಿಮಿಷದಷ್ಟು ಫೋನಿನಲ್ಲಿ ಹೇಳಿ ಕಳುಹಿಸಿದರೂ ಓದು ಬಾರದ ತಾಯಿ ನಾಲ್ಕು ಬಾರಿ ಕೇಳಿಸಿಕೊಳ್ಳುತ್ತಾಳೆ. ಫೋನಿಲ್ಲದವರ ಮನೆ ಯಾವುದೆಂದು ನಿಮಗೆ ಗೊತ್ತಿರುತ್ತದೆ, ಅಲ್ಲಿಗೆ ನಡೆಯಿರಿ. ಇನ್ನೂ ತೀರ್ಮಾನವಾಗದ ಸಂಗತಿಯಿದ್ದರೆ "ಇದು ಇನ್ನೂ ತೀರ್ಮಾನವಾಗಿಲ್ಲ, ಇಂಥ ದಿನದೊಳಗೆ ಹೇಳುತ್ತೇನೆ" ಎನ್ನಿ. ಶಾಲೆ ಸುಮ್ಮನಿದ್ದಷ್ಟೂ ಬಸ್‌ಸ್ಟ್ಯಾಂಡಿನ ಸುದ್ದಿಗೆ ಕಾಲು ಬರುತ್ತದೆ.

ತಂದೆತಾಯಿಯರಾದ ನೀವೂ ಹೇಳಲಿ ಎಂದು ಕಾಯುತ್ತ ಕೂರಬೇಕಾಗಿಲ್ಲ. ಶಾಲೆಗೆ ಹೋಗಿ ಕೇಳುವುದು ಜಗಳವಲ್ಲ. ನಮ್ಮಲ್ಲಿ ಕೆಲವರಿಗೆ, ಅದರಲ್ಲೂ ತಾವು ಶಾಲೆ ಮೆಟ್ಟಿಲು ಹತ್ತದವರಿಗೆ, ಆ ಗೇಟಿನ ಒಳಗೆ ಕಾಲಿಡುವುದೆಂದರೆ ಇಂದಿಗೂ ಅಳುಕು. ಒಬ್ಬರೇ ಹೋಗಲು ಅಳುಕಾದರೆ ಇಬ್ಬರು ಹೋಗಿ. ತರಗತಿಯಲ್ಲಿ ಅರ್ಧ ಗಂಟೆ ಕುಳಿತು ನೋಡುತ್ತೇವೆ ಎಂದು ಅನುಮತಿ ಕೇಳಿ. ಒಳ್ಳೆಯ ಶಿಕ್ಷಕಿಗೆ ಅದರಿಂದ ಸಂತೋಷವೇ ಆಗುತ್ತದೆ, ನನಗಂತೂ ಆಗುತ್ತಿತ್ತು.

ಸಭೆಯ ವೇಳೆಯ ಬಗೆಗೂ ಕೇಳಿ. ನಮ್ಮಲ್ಲಿ ಪೋಷಕರ ಸಭೆಯನ್ನು ಸದಾ ಬೆಳಿಗ್ಗೆ ಹನ್ನೊಂದಕ್ಕೆ ಕರೆಯುತ್ತಿದ್ದೆವು. ಹಾಜರಾಗುತ್ತಿದ್ದವರು ಮೂರು ನಾಲ್ಕು ಮಂದಿ. ರಾಗಿ ಕೊಯ್ಲಿನ ಕಾಲದಲ್ಲಿ ಹನ್ನೊಂದು ಗಂಟೆಗೆ ಯಾರಿಗೆ ಪುರುಸೊತ್ತು? ಒಂದು ವರ್ಷ ಸಮಿತಿಯ ತಾಯಿಯೊಬ್ಬರು ಹಟ ಹಿಡಿದು ಅದನ್ನು ಸಂಜೆ ಆರಕ್ಕೆ ಬದಲಾಯಿಸಿದರು. ಕೋಣೆ ತುಂಬಿ ವರಾಂಡದಲ್ಲೂ ಜನ ನಿಂತರು. ನಾವು ನಲಿ-ಕಲಿಯ ಏಣಿಯನ್ನು ಗೋಡೆಯಿಂದ ಇಳಿಸಿ ನಡುವೆ ಹಾಸಿ, ಯಾರ ಮಗು ಯಾವ ಮೈಲಿಗಲ್ಲಿನಲ್ಲಿದೆ ಎಂದು ಮಕ್ಕಳಿಂದಲೇ ತೋರಿಸಿದೆವು. ತಂದೆಯರು ಮಂಡಿಯೂರಿ ಕುಳಿತು ನೋಡಿದರು. ಆಮೇಲೆ ಪ್ರಶ್ನೆಗಳು ಆರಂಭವಾದವು. ಕಲಿಸುವ ಪದ್ಧತಿಯ ಬಗ್ಗೆ ಬಂದವು ಎರಡೇ. ಉಳಿದವು ಹೆಣ್ಣುಮಕ್ಕಳ ಶೌಚಾಲಯಕ್ಕೆ ಹಗಲೆಲ್ಲ ಬೀಗ ಏಕೆ, ಕುಡಿಯುವ ನೀರಿನ ತೊಟ್ಟಿಯನ್ನು ತೊಳೆದದ್ದು ಯಾವಾಗ, ಮೂರನೆಯ ತರಗತಿಯ ಟೀಚರು ರಜೆ ಹಾಕಿದ ದಿನ ಆ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂಬವು. ಸಭೆ ಮುಗಿದಾಗ ಎಂಟೂವರೆ. ಶೌಚಾಲಯದ ಬೀಗದ ಕೈ ಮರುದಿನದಿಂದ ಅಡುಗೆಯ ಅಮ್ಮನ ಬಳಿ, ಎಲ್ಲ ಹುಡುಗಿಯರಿಗೂ ಕಾಣುವಂತೆ, ಅಡುಗೆಮನೆಯ ಬಾಗಿಲ ಮೊಳೆಗೆ ತೂಗುತ್ತಿತ್ತು.